ಕುಂದಗೋಳ ಸೀಮೆಯ ಒಂದು ಸಾವೆ ಗಿರಣಿ: ಐದು ಚೀಲಗಳ ಲೆಕ್ಕ

ಕಳೆದ ಜನವರಿಯ ಎರಡನೆಯ ವಾರದಲ್ಲಿ ನಮ್ಮ ಹೊಲದ ಐದು ಚೀಲ ಸಾವೆ (ಸಾಮೆ) ಕಾಳನ್ನು ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ಒಂದು ಹಳ್ಳಿಗೆ ಒಯ್ದು, ಅಲ್ಲಿನ ಮಹಿಳಾ ಸ್ವಸಹಾಯ ಸಂಘವೊಂದು ನಡೆಸುತ್ತಿರುವ ಸಿರಿಧಾನ್ಯ ಘಟಕದಲ್ಲಿ ಹೊಟ್ಟು ತೆಗೆಸಿ ಅಕ್ಕಿ ಮಾಡಿಸಿಕೊಂಡು ಬಂದೆವು. ಅಂದಿನಿಂದ ಏಪ್ರಿಲ್ ಮುಗಿಯುವವರೆಗೆ ನಮ್ಮ ಹುಬ್ಬಳ್ಳಿಯ ಮನೆಯಲ್ಲಿಯೂ ಊರಿನಲ್ಲಿ ಅಣ್ಣನ ಮನೆಯಲ್ಲಿಯೂ ಆ ಅಕ್ಕಿಯನ್ನೇ ಉಂಡಿದ್ದೇವೆ. ಆದ್ದರಿಂದ ಯಂತ್ರದ ಕೆಲಸ, ತೂಕ, ದರ, ಅಕ್ಕಿಯ ಗುಣ ಮತ್ತು ಆ ಹೆಣ್ಣುಮಕ್ಕಳು ಘಟಕವನ್ನು ನಡೆಸುವ ರೀತಿ, ಇವೆಲ್ಲವುಗಳ ಬಗ್ಗೆ ಅನುಭವದಿಂದ ಬರೆಯಬಹುದು ಎನಿಸಿದೆ.

ಊರಿನ ಹೆಸರನ್ನಾಗಲಿ ಸಂಘದ ಹೆಸರನ್ನಾಗಲಿ ಇಲ್ಲಿ ಕೊಡುತ್ತಿಲ್ಲ. ಬರೆಯುವ ವಿಚಾರವನ್ನು ತಿಳಿಸಿದಾಗ ಅಲ್ಲಿ ಲೆಕ್ಕ ಬರೆಯುವ ಹೆಣ್ಣುಮಗಳು ಹೇಳಿದ ಮಾತು ಇದು: "ಬರೀರಿ ಸರ್, ಆದ್ರ ಹೆಸರು ಹಾಕಬ್ಯಾಡ್ರಿ. ಹುಬ್ಬಳ್ಳಿಂದ ಗಾಡಿ ತುಂಬ್ಕೊಂಡು ಬಂದು ಬಿಡ್ತಾರ, ನಮ್ಮೂರಾಗಿನ ಎರಡ ಚೀಲದವರು ಹೊರಗ ಕಾಯ್ಕೋತ ಕೂಡಬೇಕಾಗ್ತದ." ಗಿರಾಕಿ ಹೆಚ್ಚಾದರೆ ಸಾಕೆಂದು ಬಯಸುವ ವ್ಯಾಪಾರದ ಲೋಕದಲ್ಲಿ ಇಂಥ ಮಾತನ್ನು ನಾನು ಕೇಳಿದ್ದು ಇದೇ ಮೊದಲು. ಘಟಕ ಯಾರಿಗಾಗಿ ಇದೆ ಎಂಬ ಪ್ರಶ್ನೆಗೆ ಅವರಲ್ಲಿ ಸ್ಪಷ್ಟವಾದ ಉತ್ತರವಿದೆ, ಮತ್ತು ಈ ಬರಹದಲ್ಲಿ ನಾನು ಮೆಚ್ಚಿ ಹೇಳುವ ಬಹುತೇಕ ಸಂಗತಿಗಳು ಆ ಉತ್ತರದಿಂದಲೇ ಹುಟ್ಟಿದವುಗಳಾಗಿವೆ.

ಸಾವೆಯ ಅಕ್ಕಿ ಮಾಡಿಸುವುದಕ್ಕೆ ಇಷ್ಟು ಮಹತ್ವವೇಕೆ ಎಂಬುದನ್ನು ಮೊದಲು ಹೇಳಬೇಕು. ಜೋಳ, ಸಜ್ಜೆ, ರಾಗಿಗಳನ್ನು ಒಕ್ಕಿ ತೂರಿದರೆ ಕಾಳು ನೇರವಾಗಿ ಹಿಟ್ಟಿನ ಗಿರಣಿಗೆ ಹೋಗಬಲ್ಲದು. ಸಾವೆ, ನವಣೆ, ಬರಗು, ಹಾರಕ, ಊದಲು, ಕೊರಲೆಗಳ ಸಂಗತಿ ಹಾಗಲ್ಲ. ಅವುಗಳ ಕಾಳಿಗೆ ಗಟ್ಟಿಯಾದ ಹೊಟ್ಟಿನ ಕವಚ ಅಂಟಿಕೊಂಡಿರುತ್ತದೆ. ಅದನ್ನು ತೆಗೆಯದೆ ಉಣ್ಣಲು ಬರುವುದಿಲ್ಲ. ಭತ್ತಕ್ಕೂ ಹೊಟ್ಟು ಇದೆ ಎನ್ನಬಹುದು. ಆದರೆ ಭತ್ತದ ಕಾಳು ದೊಡ್ಡದು, ಭತ್ತದ ಗಿರಣಿಗಳು ತಾಲ್ಲೂಕಿಗೆ ಹತ್ತಾರು ಇವೆ. ಸಾವೆಯ ಕಾಳು ಸಾಸಿವೆಗಿಂತ ತುಸು ದೊಡ್ಡದು, ನುಣುಪು, ಹಗುರ. ಭತ್ತದ ಯಂತ್ರಕ್ಕೆ ಸುರಿದರೆ ಅರ್ಧ ನುಚ್ಚಾಗುತ್ತದೆ, ಇನ್ನರ್ಧ ಹೊಟ್ಟಿನೊಂದಿಗೆ ಹೊರಗೆ ಹಾರಿಹೋಗುತ್ತದೆ. ನಮ್ಮ ಅವ್ವನ ಕಾಲದಲ್ಲಿ ಈ ಕೆಲಸವನ್ನು ಮಾಡುತ್ತಿದ್ದುದು ಬೀಸುಕಲ್ಲು, ಒಳಕಲ್ಲು ಮತ್ತು ಹೆಂಗಸರ ತೋಳು. ನಸುಕಿನಲ್ಲಿ ಎದ್ದು ಕುಟ್ಟಿ, ಮೊರದಲ್ಲಿ ಕೇರಿ, ಮತ್ತೆ ಕುಟ್ಟಿ, ಸಾಣಿಗೆ ಹಿಡಿದು, ಹೊತ್ತು ಏರುವ ಹೊತ್ತಿಗೆ ಮನೆಮಂದಿಗೆ ಒಂದು ದಿನಕ್ಕೆ ಆಗುವಷ್ಟು ಅಕ್ಕಿ ಸಿಗುತ್ತಿತ್ತು. ಅದಾದ ಮೇಲೆ ಅದೇ ಹೆಣ್ಣುಮಕ್ಕಳು ಹೊಲದ ಕಳೆ ತೆಗೆಯಲು ಹೋಗಬೇಕಾಗಿತ್ತು.

ಸಾವೆ ನಮ್ಮ ಹೊಲಗಳಿಂದ ಏಕೆ ಹೋಯಿತು ಎಂಬ ಪ್ರಶ್ನೆಗೆ ಜನರ ರುಚಿ ಬದಲಾಯಿತೆಂಬ ಉತ್ತರವನ್ನು ಸಭೆಗಳಲ್ಲಿ ಕೇಳಿದ್ದೇನೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಪಡಿತರದ ಅಕ್ಕಿ ಕುಟ್ಟುವ ಕಷ್ಟವಿಲ್ಲದೆ ಮನೆಗೆ ಬಂತು. 2013ರಲ್ಲಿ ಅನ್ನಭಾಗ್ಯ ಯೋಜನೆ ಬಂದ ಮೇಲೆ ಅದು ಬಡವರ ಮನೆಯ ಹಸಿವನ್ನು ನೀಗಿಸಿತು, ಅದನ್ನು ಯಾರೂ ಹೀಗಳೆಯಬಾರದು. ಎರೆಭೂಮಿಯಲ್ಲಿ ಹತ್ತಿ, ಹಾವೇರಿ ಕಡೆಗೆ ಗೋವಿನಜೋಳ, ಇವು ಕೈಗೆ ರೊಕ್ಕ ತಂದವು. ಇವುಗಳ ನಡುವೆ ಮಸಾರಿ (ಕೆಂಪು ಮಣ್ಣಿನ) ಹೊಲದಲ್ಲಿ ಕಡಿಮೆ ಮಳೆಗೆ, ಗೊಬ್ಬರದ ಖರ್ಚಿಲ್ಲದೆ, ಮೂರು ತಿಂಗಳಲ್ಲಿ ಬರುತ್ತಿದ್ದ ಸಾವೆಯನ್ನು ಕುಟ್ಟಲು ಮಾತ್ರ ಮನೆಯಲ್ಲಿ ಯಾರಿಗೂ ತ್ರಾಣ ಉಳಿಯಲಿಲ್ಲ. ಬೆಳೆ ಹೋದದ್ದು ಒಳಕಲ್ಲಿನ ಬಳಿ ಎಂದು ತಿಳಿದರೆ, ಅದನ್ನು ಮರಳಿ ತರುವ ಕೆಲಸವೂ ಅಲ್ಲಿಂದಲೇ ಆರಂಭವಾಗಬೇಕು ಎಂಬುದು ತಾನಾಗಿಯೇ ತಿಳಿಯುತ್ತದೆ.

ಈ ಕಷ್ಟ ನಮ್ಮ ಸೀಮೆಯದಷ್ಟೇ ಅಲ್ಲ. ಪಶ್ಚಿಮ ಆಫ್ರಿಕಾದ ಸೆನೆಗಲ್, ಮಾಲಿ, ಗಿನಿ ದೇಶಗಳಲ್ಲಿ ಫೋನಿಯೊ ಎಂಬ ಕಿರುಧಾನ್ಯವಿದೆ. ಅದರ ಕಾಳು ಸಾವೆಗಿಂತಲೂ ಸಣ್ಣದು. ಮಳೆ ಕೈಕೊಟ್ಟ ವರ್ಷದಲ್ಲಿಯೂ ಬೇಗನೆ ಕೈಗೆ ಬರುವ ಆ ಬೆಳೆಯನ್ನು ಅಲ್ಲಿನ ಹೆಂಗಸರು ಮರಳು ಬೆರೆಸಿ ಒರಳಿನಲ್ಲಿ ಕುಟ್ಟಿ, ಆಮೇಲೆ ಮರಳನ್ನು ತೊಳೆದು ತೆಗೆಯುತ್ತಿದ್ದರು. ಸೆನೆಗಲ್‌ನ ಎಂಜಿನಿಯರ್ ಸಾನೂಸಿ ದಿಯಾಕಿತೆ ಎಂಬವರು ಫೋನಿಯೊದ ಹೊಟ್ಟು ತೆಗೆಯುವ ಯಂತ್ರವನ್ನು ರೂಪಿಸಿದರು. ಅದಕ್ಕೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ದೊರೆಯಿತು. ಸೆನೆಗಲ್‌ನ ಡಾಕರ್ ನಗರವೆಲ್ಲಿ, ಕುಂದಗೋಳವೆಲ್ಲಿ. ಬಡ ಸೀಮೆಯ ಅಡುಗೆಮನೆಯಲ್ಲಿ ಎರಡೂ ಕಡೆ ನಿಂತುಹೋದ ಕೆಲಸ ಒಂದೇ.

ಇನ್ನು ನಮ್ಮ ಐದು ಚೀಲಗಳ ವಿಷಯಕ್ಕೆ ಬರುತ್ತೇನೆ. ನಮ್ಮ ಹೊಲ ನಾಲ್ಕು ಎಕರೆ, ಅಣ್ಣ ಸಾಗುವಳಿ ಮಾಡುತ್ತಾನೆ. ಎರಡು ವರ್ಷಗಳಿಂದ ಒಂದು ಎಕರೆ ಮಸಾರಿಯಲ್ಲಿ ಸಾವೆ ಹಾಕುತ್ತಿದ್ದು, ಅದರಲ್ಲಿ ಅಕ್ಕಡಿಯಾಗಿ ತೊಗರಿ ಸಾಲುಗಳಿವೆ. ಮೊದಲ ವರ್ಷ ನಾಲ್ಕು ಕ್ವಿಂಟಲ್ ಸಾವೆಯನ್ನು ನಗರದ ಒಂದು ಗಿರಣಿಗೆ ಹಾಕಿದ್ದೆವು. ಅಲ್ಲಿ ನಮ್ಮ ಕಣ್ಣೆದುರು ತೂಕ ಮಾಡಲಿಲ್ಲ, ಎರಡು ದಿನ ಬಿಟ್ಟು ಬರಲು ಹೇಳಿದರು, ಬಂದಾಗ 2 ಕ್ವಿಂಟಲ್ 4 ಕೆ.ಜಿ. ಬಿಳಿಯ, ಹೊಳೆಯುವ ಅಕ್ಕಿಯನ್ನು ಕೊಟ್ಟರು. ನುಚ್ಚು, ತೌಡುಗಳನ್ನು ಕೇಳಿದರೆ ಅವು ಗಿರಣಿಗೆ ಸೇರಿದವು ಎಂದರು. ಆ ಅಕ್ಕಿಯಲ್ಲಿ ನವಣೆಯ ಹಳದಿ ಕಾಳುಗಳೂ ಇದ್ದವು. ನಾವು ಆ ವರ್ಷ ನವಣೆಯನ್ನು ಬಿತ್ತಿರಲೇ ಇಲ್ಲ. ಅತ್ತಿಗೆ ಆ ಅಕ್ಕಿಯನ್ನು ನೋಡಿ, "ಇದು ನಮ್ಮ ಸಾವಿ ಅಲ್ಲ" ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಿದ್ದಳು.

ಈ ಸಲ ಹೋದ ಘಟಕವಿರುವುದು ಊರಿನ ಹೊರಗೆ, ತಗಡಿನ ಮಾಡಿನ ಒಂದು ಉದ್ದನೆಯ ಕೋಣೆಯಲ್ಲಿ. ಮಾಡಿನ ಮೇಲೆ ಸೌರ ಫಲಕಗಳಿವೆ. ಒಳಗೆ ಗೋಡೆಯುದ್ದಕ್ಕೂ ಐದು ಯಂತ್ರಗಳನ್ನು ಕೆಲಸದ ಕ್ರಮದಲ್ಲಿ ಇಟ್ಟಿದ್ದಾರೆ, ಮತ್ತು ಸಂಘದ ಹಿರಿಯ ಸದಸ್ಯೆಯೊಬ್ಬರು ಮೊದಲ ಸಲ ಬಂದವರಿಗೆ ಒಂದೊಂದನ್ನೂ ತೋರಿಸಿ ವಿವರಿಸುತ್ತಾರೆ. ಮೊದಲನೆಯದು ಜರಡಿಗಳ ಯಂತ್ರ. ಹುಲ್ಲಿನ ಚೂರು, ಮಣ್ಣಿನ ಹೆಂಟೆ, ದೊಡ್ಡ ಹಾಗೂ ತೀರ ಸಣ್ಣ ಕಳೆಬೀಜಗಳು ಅಲ್ಲಿ ಬೇರೆಯಾಗುತ್ತವೆ. ಎರಡನೆಯದು ಕಲ್ಲು ತೆಗೆಯುವ ಯಂತ್ರ. ಗಾತ್ರದಲ್ಲಿ ಸಾವೆಯಷ್ಟೇ ಇರುವ ಹರಳನ್ನು ಜರಡಿ ಹಿಡಿಯಲಾರದು, ಆದ್ದರಿಂದ ಇಲ್ಲಿ ಓರೆಯಾದ ತಟ್ಟೆಯನ್ನು ನಡುಗಿಸುತ್ತ ಕೆಳಗಿನಿಂದ ಗಾಳಿ ಬಿಡುತ್ತಾರೆ. ಹಗುರವಾದ ಕಾಳು ತೇಲಿ ಕೆಳಕ್ಕೆ ಜಾರುತ್ತದೆ, ಭಾರವಾದ ಹರಳು ತಟ್ಟೆಗೆ ಅಂಟಿಕೊಂಡು ಮೇಲಕ್ಕೆ ಏರುತ್ತದೆ. ಮೊರದಲ್ಲಿ ಕೇರುವಾಗ ಅವ್ವನ ಮಣಿಕಟ್ಟು ಮಾಡುತ್ತಿದ್ದುದೂ ಇದನ್ನೇ ಎಂದು ಆ ತಟ್ಟೆಯನ್ನು ನೋಡುತ್ತ ನಿಂತಾಗ ನನಗೆ ಹೊಳೆಯಿತು.

ಮೂರನೆಯದೇ ಹೊಟ್ಟು ತೆಗೆಯುವ ಯಂತ್ರ. ಇಲ್ಲಿ ಕುರುಂದದ ಕಲ್ಲಿನಲ್ಲಿ ಉಜ್ಜುವ ಪದ್ಧತಿ ಇಲ್ಲ. ವೇಗವಾಗಿ ತಿರುಗುವ ಚಕ್ರದ ನಡುವಿಗೆ ಬಿದ್ದ ಕಾಳು ಹೊರಕ್ಕೆ ಚಿಮ್ಮಿ, ಸುತ್ತಲಿನ ಗೋಡೆಗೆ ಬಡಿದು, ಹೊಟ್ಟು ಒಡೆದು ಬಿಚ್ಚಿಕೊಳ್ಳುತ್ತದೆ. ಉಜ್ಜಿದಾಗ ಹೊಟ್ಟಿನೊಂದಿಗೆ ಅಕ್ಕಿಯ ಮೈಮೇಲಿನ ತೌಡಿನ ಪದರವೂ ಸವೆಯುತ್ತದೆ, ಬಡಿದಾಗ ಅದು ಬಹುಮಟ್ಟಿಗೆ ಉಳಿಯುತ್ತದೆ. ಚಕ್ರದ ವೇಗ ಹೆಚ್ಚಾದರೆ ಅಕ್ಕಿ ನುಚ್ಚಾಗುತ್ತದೆ, ಕಡಿಮೆಯಾದರೆ ಹೊಟ್ಟು ಬಿಡುವುದಿಲ್ಲ; ಕಾಳು ಹಸಿಯಿದ್ದರಂತೂ ಎರಡೂ ತೊಂದರೆ ಒಟ್ಟಿಗೆ ಆಗುತ್ತವೆ. ಹಾಗಾಗಿ ಯಂತ್ರ ನಡೆಸುವ ಹೆಣ್ಣುಮಗಳು ಪ್ರತಿ ಚೀಲದಿಂದಲೂ ಒಂದು ಹಿಡಿ ಕಾಳನ್ನು ತೆಗೆದು, ಮೊದಲು ಹಲ್ಲಿನಲ್ಲಿ ಕಚ್ಚಿ, ಆಮೇಲೆ ತೇವಾಂಶ ಅಳೆಯುವ ಚಿಕ್ಕ ಉಪಕರಣದಲ್ಲಿ ಹಾಕಿ ನೋಡುತ್ತಾಳೆ. ನಮ್ಮ ಐದರಲ್ಲಿ ಒಂದು ಚೀಲ ಹಸಿಯಿದೆ ಎಂದು ಅವಳು ಹಲ್ಲಿನಿಂದಲೇ ಹೇಳಿದಳು. ಉಪಕರಣ 14 ತೋರಿಸಿತು. 12ಕ್ಕಿಂತ ಮೇಲಿದ್ದರೆ ತೆಗೆದುಕೊಳ್ಳುವುದಿಲ್ಲವೆಂಬುದು ಅವರ ನಿಯಮ. ಆ ಚೀಲವನ್ನು ಅಂಗಳದ ತಾಡಪತ್ರಿಯ ಮೇಲೆ ಹರವಿ ಮಧ್ಯಾಹ್ನದವರೆಗೆ ಒಣಗಿಸಿಕೊಟ್ಟರು, ಅದಕ್ಕೆ ಪ್ರತ್ಯೇಕ ಹಣ ಕೇಳಲಿಲ್ಲ. ಅಲ್ಲಿಂದ ಮುಂದೆ ಗಾಳಿಯಿಂದ ಹೊಟ್ಟು ಬೇರೆ ಮಾಡುವ ಯಂತ್ರ, ಕೊನೆಗೆ ಅಕ್ಕಿ ಮತ್ತು ನುಚ್ಚನ್ನು ವಿಂಗಡಿಸುವ ಜರಡಿ.

ತೂಕದ ಬಗ್ಗೆ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಗಿರಣಿಯ ಮೇಲಿನ ನಂಬಿಕೆ ನಿಲ್ಲುವುದು ತಕ್ಕಡಿಯ ಮೇಲೆ. ಒಳಗೆ ಬರುವಾಗ ನಮ್ಮ ಐದು ಚೀಲಗಳು 4 ಕ್ವಿಂಟಲ್ 26 ಕೆ.ಜಿ. ತೂಗಿದವು. ಮೊದಲೆರಡು ಯಂತ್ರ ದಾಟಿದ ಮೇಲೆ ಮತ್ತೆ ತೂಗಿದರು: 4 ಕ್ವಿಂಟಲ್ 7 ಕೆ.ಜಿ. ಉಳಿದ 19 ಕೆ.ಜಿ. ಕಸ, ಜೊಳ್ಳು, ಮಣ್ಣುಗಳನ್ನು ಬೇರೆ ಚೀಲದಲ್ಲಿ ತುಂಬಿ ಅಣ್ಣನ ಮುಂದೆ ಇಟ್ಟರು. ಕಣದಲ್ಲಿ ಇಷ್ಟು ಮಣ್ಣು ಸೇರಿದ್ದನ್ನು ಕಂಡು ಅವನಿಗೆ ನಾಚಿಕೆಯಾಯಿತು. ಸಂಜೆ ನಾಲ್ಕೂವರೆಯ ಹೊತ್ತಿಗೆ ಕೆಲಸ ಮುಗಿದಾಗ ಅಕ್ಕಿ 2 ಕ್ವಿಂಟಲ್ 63 ಕೆ.ಜಿ., ನುಚ್ಚು 17 ಕೆ.ಜಿ., ಹೊಟ್ಟು ಮತ್ತು ತೌಡು ಸೇರಿ 1 ಕ್ವಿಂಟಲ್ 18 ಕೆ.ಜಿ. ಬಂದವು. 9 ಕೆ.ಜಿ. ದೂಳಾಗಿ ಹೋಗಿದೆ ಎಂದು ಪುಸ್ತಕದಲ್ಲಿ ಬರೆದು, ಅಣ್ಣನ ಸಹಿಯನ್ನು ಪಡೆದು, ಅದರ ಪ್ರತಿಯನ್ನು ನಮಗೆ ಕೊಟ್ಟರು. ಸ್ವಚ್ಛವಾದ ಕಾಳಿನ ನೂರು ಕೆ.ಜಿ.ಗೆ ಸುಮಾರು 65 ಕೆ.ಜಿ. ಅಕ್ಕಿ ಸಿಕ್ಕಂತಾಯಿತು. ಹಿಂದಿನ ವರ್ಷ ನಗರದಲ್ಲಿ, ನಾವು ಹಾಕಿದ ಕಾಳಿನ ನೂರು ಕೆ.ಜಿ.ಗೆ, ಸಿಕ್ಕಿದ್ದು 51. ಎರಡು ವರ್ಷದ ಬೆಳೆಯೂ ಕಾಳಿನ ತೇವವೂ ಒಂದೇ ಇರುವುದಿಲ್ಲ, ಪಾಲಿಶ್ ಮಾಡಿದಾಗ ಅಕ್ಕಿ ಇನ್ನಷ್ಟು ಸವೆಯುತ್ತದೆ ಎಂಬುದನ್ನೂ ಒಪ್ಪುತ್ತೇನೆ. ಆದರೂ ನಮ್ಮ ಮನೆಯ ಮಟ್ಟಿಗೆ ಈ ಅಂತರ ಕೆಲವು ತಿಂಗಳ ಊಟ.

ದರ ಮೂರು ಬಗೆಯದು. ಊರಿನವರಿಗೆ ಕೆ.ಜಿ.ಗೆ 4 ರೂಪಾಯಿ, ಸುತ್ತಲಿನ ಹಳ್ಳಿಗಳ ರೈತರಿಗೆ 5, ವ್ಯಾಪಾರಸ್ಥರಿಗೂ ನಗರದವರಿಗೂ 7. ದರ ಹಚ್ಚುವುದು ಸ್ವಚ್ಛಗೊಳಿಸಿದ ಕಾಳಿನ ತೂಕದ ಮೇಲೆ, ಆದ್ದರಿಂದ ಕಸಕ್ಕೆ ಹಣ ಕೊಡಬೇಕಾಗಿಲ್ಲ. ನಮಗೆ 2,035 ರೂಪಾಯಿ ಆಯಿತು. ಕೈಯಲ್ಲಿ ರೊಕ್ಕವಿಲ್ಲದವರು ಕೂಲಿಯ ಬದಲು ನುಚ್ಚನ್ನೋ ಹೊಟ್ಟನ್ನೋ ಬಿಟ್ಟುಹೋಗಬಹುದು. ಸರತಿಯ ಕ್ರಮ ಇನ್ನೂ ವಿಶೇಷವಾದದ್ದು: ಎರಡು ಚೀಲಕ್ಕಿಂತ ಕಡಿಮೆ ತಂದವರದು ಮೊದಲು, ಎಷ್ಟೇ ತಡವಾಗಿ ಬಂದಿದ್ದರೂ ಸರಿ. ನಾವು ಬೆಳಿಗ್ಗೆ ಒಂಬತ್ತಕ್ಕೇ ಹೋಗಿದ್ದರೂ, ಹತ್ತು ಗಂಟೆಗೆ ಒಂದು ಚೀಲ ನವಣೆಯನ್ನು ಸೈಕಲ್ ಮೇಲೆ ಇಟ್ಟುಕೊಂಡು ಬಂದ ಅಜ್ಜನ ಕೆಲಸ ನಮ್ಮದಕ್ಕಿಂತ ಮೊದಲು ಆಯಿತು. ಒಂದು ಧಾನ್ಯದಿಂದ ಇನ್ನೊಂದಕ್ಕೆ ಹೋಗುವಾಗ ಯಂತ್ರಗಳನ್ನು ಬಿಚ್ಚಿ, ಊದಿ, ಒರೆಸುವುದಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಒಂದು ಚೀಲಕ್ಕಾಗಿ ಅಷ್ಟು ಕೆಲಸ ಮಾಡುವುದು ವ್ಯಾಪಾರದ ದೃಷ್ಟಿಯಿಂದ ನಷ್ಟವೇ. ಹೀಗಿದ್ದೂ ಆ ನಿಯಮವನ್ನು ಸಂಘದ ಸಭೆಯಲ್ಲಿ ಕೂತು ತಾವೇ ಮಾಡಿಕೊಂಡಿದ್ದೇವೆಂದೂ, ಬದಲಿಸುವುದಿದ್ದರೆ ಸಭೆಯೇ ಬದಲಿಸಬೇಕೆಂದೂ ಹೇಳಿದರು.

ಹೀಗೆ ಕೂಡಿ ನಿಯಮ ಮಾಡಿಕೊಳ್ಳುವುದು ನಮ್ಮ ಸೀಮೆಗೆ ಹೊಸತಲ್ಲ. 1904ರಲ್ಲಿ ಸಹಕಾರ ಸಂಘಗಳ ಕಾಯ್ದೆ ಬಂದ ಮರುವರ್ಷ, 1905ರಲ್ಲಿ, ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ರೈತರು ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ದೇಶದ ಮೊದಮೊದಲ ಕೃಷಿ ಪತ್ತಿನ ಸಹಕಾರ ಸಂಘಗಳಲ್ಲಿ ಅದೂ ಒಂದು. ಆ ಪರಂಪರೆಯಲ್ಲಿ ಹೆಣ್ಣುಮಕ್ಕಳ ಹೆಸರು ಪುಸ್ತಕದಲ್ಲಿ ಸೇರಲು ಬಹಳ ಕಾಲ ಹಿಡಿಯಿತು. 1992ರಲ್ಲಿ ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ ಸ್ವಸಹಾಯ ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಕಾರ್ಯಕ್ರಮವನ್ನು ತಂದ ಮೇಲೆ, ಹೊಲದ ಪತ್ರ ತಮ್ಮ ಹೆಸರಿನಲ್ಲಿ ಇಲ್ಲದ ಹೆಂಗಸರಿಗೂ ವಾರದ ಉಳಿತಾಯದ ಆಧಾರದ ಮೇಲೆ ಸಾಲ ಸಿಗುವಂತಾಯಿತು. ನಾನು ನೋಡಿದ ಸಂಘವೂ ಅದೇ ದಾರಿಯಲ್ಲಿ ಬಂದದ್ದು. ಮೊದಲು ಉಳಿತಾಯ, ಆಮೇಲೆ ಬೀಜ, ಕೊನೆಗೆ ಯಂತ್ರ. ಯಂತ್ರಕ್ಕೆ ಕಿರು ಆಹಾರ ಸಂಸ್ಕರಣೆಯ ಕೇಂದ್ರ ಯೋಜನೆಯ ನೆರವು ಪಡೆದಿದ್ದಾರೆ. 2020ರಲ್ಲಿ ಆರಂಭವಾದ ಆ ಯೋಜನೆಯಲ್ಲಿ ಸಾಲಕ್ಕೆ ಜೋಡಿಸಿದ ಶೇ. 35ರ ಸಹಾಯಧನವೂ, ಸ್ವಸಹಾಯ ಗುಂಪಿನ ಪ್ರತಿ ಸದಸ್ಯೆಗೆ 40,000 ರೂಪಾಯಿವರೆಗಿನ ಮೂಲ ಬಂಡವಾಳವೂ ಇದ್ದವು. ಉಳಿದ ಸಾಲದ ಕಂತು ತಮ್ಮ ತಲೆಯ ಮೇಲೆಯೇ ಇರುವುದರಿಂದ ಯಂತ್ರವನ್ನು ದೂಳು ಹಿಡಿಯಲು ಬಿಡುವ ಪ್ರಶ್ನೆಯೇ ಇಲ್ಲವೆಂದು ಅವರು ಹೇಳಿದ್ದು ನನಗೆ ಸರಿಯೆನಿಸಿತು. ಉದ್ಘಾಟನೆಯ ಹೂಮಾಲೆ ಬಾಡುವ ಮೊದಲೇ ಬೀಗ ಬಿದ್ದ ಘಟಕಗಳನ್ನು ನಾನು ಕಂಡಿದ್ದೇನೆ, ಅಲ್ಲೆಲ್ಲ ಯಂತ್ರ ಬಂದಿತ್ತು, ಸಂಘ ಇರಲಿಲ್ಲ.

ಬೀಜದ ವ್ಯವಸ್ಥೆಯನ್ನೂ ಹೇಳಬೇಕು. ಘಟಕದ ಪಕ್ಕದ ಕೋಣೆಯಲ್ಲಿ ಮಣ್ಣಿನ ಗಡಿಗೆಗಳಲ್ಲಿ ಬೂದಿ, ಬೇವಿನ ಎಲೆ ಬೆರೆಸಿ ಇಟ್ಟ ಬಿತ್ತನೆ ಬೀಜಗಳಿವೆ. ನಾಟಿ ಸಾವೆ, ಕೆಂಪು ನವಣೆ, ಕರಿ ನವಣೆ, ಕೊರಲೆ. ಅವುಗಳ ಪಕ್ಕದಲ್ಲಿ ರಾಣೆಬೆನ್ನೂರು ತಾಲ್ಲೂಕಿನ ಹನುಮನಮಟ್ಟಿ ಸಂಶೋಧನಾ ಕೇಂದ್ರದ ನವಣೆ ತಳಿಯೂ ಇದೆ. ಬಿತ್ತುವಾಗ ಒಂದು ಪಾಲು ಒಯ್ದವರು ಸುಗ್ಗಿಯಲ್ಲಿ ಎರಡು ಪಾಲು ಮರಳಿಸಬೇಕು. ಅಣ್ಣ ಜೂನ್‌ನಲ್ಲಿ ನಾಲ್ಕು ಕೆ.ಜಿ. ಸಾವೆ ಬೀಜವನ್ನು ಒಯ್ದಿದ್ದ, ಅಂದು ಎಂಟು ಕೆ.ಜಿ.ಯನ್ನು ಬೇರೆ ಗಂಟಿನಲ್ಲಿ ತಂದು ಒಪ್ಪಿಸಿದ.

ಕುಂದಗೋಳ ತಾಲ್ಲೂಕಿನಲ್ಲಿ ಇಂಥ ಕೆಲಸಕ್ಕೆ ದೊಡ್ಡ ಮನ್ನಣೆಯೂ ಸಿಕ್ಕಿದೆ. ತೀರ್ಥ ಗ್ರಾಮದ ಬೀಬಿ ಫಾತಿಮಾ ಸ್ವಸಹಾಯ ಸಂಘಕ್ಕೆ 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು. ಸಹಜ ಸಮೃದ್ಧ ಸಂಸ್ಥೆಯ ಒತ್ತಾಸೆಯಿಂದ ಆ ಸಂಘದ ಹೆಣ್ಣುಮಕ್ಕಳು ಸಿರಿಧಾನ್ಯದ ಬೀಜ ಉಳಿಸಿ, ಸೌರಶಕ್ತಿಯಿಂದ ನಡೆಯುವ ಸಂಸ್ಕರಣಾ ಘಟಕವನ್ನು ಕಟ್ಟಿಕೊಂಡಿದ್ದಾರೆ. 2002ರಿಂದ ಈ ಪ್ರಶಸ್ತಿಯನ್ನು ಆಫ್ರಿಕಾ, ಏಷ್ಯಾ, ಲ್ಯಾಟಿನ್ ಅಮೆರಿಕಗಳ ಹಳ್ಳಿಗಳಲ್ಲಿ ನಿಸರ್ಗವನ್ನೂ ಬದುಕನ್ನೂ ಜೊತೆಯಾಗಿ ಕಾಪಾಡುವ ಸ್ಥಳೀಯ ಸಮುದಾಯಗಳಿಗೆ ಕೊಡುತ್ತ ಬಂದಿದ್ದಾರೆ. ತೆಲಂಗಾಣದ ಜಹೀರಾಬಾದ್ ಬಳಿಯ ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಗೆ 2019ರಲ್ಲಿ, ನಮ್ಮದೇ ಉತ್ತರ ಕನ್ನಡದ ಹೊನ್ನಾವರದ ಸ್ನೇಹಕುಂಜ ಟ್ರಸ್ಟಿಗೆ 2021ರಲ್ಲಿ ಅದು ಸಂದಿತ್ತು. ಪಸ್ತಾಪುರದ ದಲಿತ ಹೆಣ್ಣುಮಕ್ಕಳ ಸಂಘಗಳು ತಮ್ಮ ತುಂಡುಭೂಮಿಯಲ್ಲಿ ಹತ್ತಾರು ಬಗೆಯ ಕಾಳುಗಳನ್ನು ಕೂಡಿ ಬಿತ್ತುವುದನ್ನು ಕೃಷಿಯ ಬಗ್ಗೆ ಓದುವವರೆಲ್ಲ ಬಲ್ಲರು. ತೀರ್ಥದ ಸುದ್ದಿ ಬಂದ ಮೇಲೆ ಸುತ್ತಲಿನ ಊರುಗಳ ಸಂಘಗಳಿಗೂ ಧೈರ್ಯ ಬಂದಿದೆ ಎಂಬುದು ನಾನು ಹೋದ ಊರಿನಲ್ಲಿ ಆಡಿದ ಪ್ರತಿ ಮಾತಿನಲ್ಲಿಯೂ ಕೇಳುತ್ತಿತ್ತು.

ಸರಕಾರದ ಕಡೆಯಿಂದ ರೈತಸಿರಿ ಯೋಜನೆಯಲ್ಲಿ ಸಿರಿಧಾನ್ಯ ಬೆಳೆಯುವವರಿಗೆ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನವನ್ನು ಗೊತ್ತುಮಾಡಿದ್ದರಿಂದ ಬಿತ್ತನೆಗೆ ಉತ್ತೇಜನ ಸಿಕ್ಕಿದೆ. ಆದರೆ ಕೇಂದ್ರವು ಬೆಂಬಲ ಬೆಲೆ ಘೋಷಿಸುವ 22 ಬೆಳೆಗಳ ಪಟ್ಟಿಯಲ್ಲಿ ಜೋಳ, ಸಜ್ಜೆ, ರಾಗಿ ಇವೆ. ಸಾವೆ, ನವಣೆ ಇಲ್ಲ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿದಾಗಲೂ ಈ ಪಟ್ಟಿ ಬದಲಾಗಲಿಲ್ಲ. ಹೀಗಿರುವಾಗ ಕಾಳಿನ ರೂಪದಲ್ಲಿ ಮಾರುವ ರೈತ ವ್ಯಾಪಾರಿ ಹೇಳಿದ ಬೆಲೆಗೆ ತಲೆಯಾಡಿಸಬೇಕಾಗುತ್ತದೆ. ನಮ್ಮ ಸಾವೆಗೆ ಊರಿಗೆ ಬಂದ ವ್ಯಾಪಾರಿ ಕೆ.ಜಿ.ಗೆ 34 ರೂಪಾಯಿ ಕೇಳಿದ್ದ. ಐದೂ ಚೀಲ ಕೊಟ್ಟಿದ್ದರೆ 14,484 ರೂಪಾಯಿ ಬರುತ್ತಿತ್ತು. ಅಕ್ಕಿ ಮಾಡಿಸಿದ ಮೇಲೆ ಅದರಲ್ಲಿ 1 ಕ್ವಿಂಟಲ್ 60 ಕೆ.ಜಿ.ಯನ್ನು ಪರಿಚಯದವರಿಗೆ 90ರಂತೆ ಕೊಟ್ಟು 14,400 ರೂಪಾಯಿ ಪಡೆದೆವು. ಅಂದರೆ ಹೆಚ್ಚುಕಡಿಮೆ ಅದೇ ರೊಕ್ಕ ಕೈಗೆ ಬಂತು; ಅದರಲ್ಲಿ ಗಿರಣಿಯ ಕೂಲಿ, ಗಾಡಿಯ ಬಾಡಿಗೆ ಹೋದರೂ 1 ಕ್ವಿಂಟಲ್ 3 ಕೆ.ಜಿ. ಅಕ್ಕಿ ಮನೆಯ ಪಾಲಿಗೆ ಉಳಿಯಿತು. ನುಚ್ಚು ನಮ್ಮದೇ, ತೌಡು ಎಮ್ಮೆಯದು.

ಅಕ್ಕಿಯ ಗುಣದ ಬಗ್ಗೆ. ಬಣ್ಣ ತುಸು ಬೂದಿ ಮಿಶ್ರಿತ ಹಳದಿ, ಅಂಗಡಿಯ ಸಾವಕ್ಕಿಯ ಬಿಳುಪು ಇಲ್ಲ. ಹರಳು ಒಂದೂ ಸಿಗಲಿಲ್ಲ, ಇದನ್ನು ಮೂರು ತಿಂಗಳು ಉಂಡ ಮೇಲೆ ಹೇಳುತ್ತಿದ್ದೇನೆ. ಹೊಟ್ಟು ಬಿಡದ ಕಾಳುಗಳು ಮಾತ್ರ ಹಿಡಿಗೆ ಎಂಟು ಹತ್ತು ಇದ್ದವು. ಅಕ್ಕಿಯನ್ನು ನೀರಿನಲ್ಲಿ ಹಾಕಿ ಕಲಕಿದರೆ ಅವು ಮೇಲೆ ತೇಲುತ್ತವೆ, ಬಸಿದು ತೆಗೆಯಬೇಕು. ಅರ್ಧ ತಾಸು ನೆನೆಸಿ, ಒಂದಕ್ಕೆ ಎರಡೂವರೆ ನೀರಿಟ್ಟು, ಸಣ್ಣ ಉರಿಯಲ್ಲಿ ಬೇಯಿಸಿದರೆ ಅನ್ನ ಬಿಡಿಬಿಡಿಯಾಗಿ ಆಗುತ್ತದೆ. ಮೊದಲ ತುತ್ತಿಗೆ ಬಾಯಿಗೆ ಸ್ವಲ್ಪ ಒರಟು. ಬೇಳೆಸಾರು ಕಲಸಿದ ಮೇಲೆ ಆ ಒರಟುತನವೇ ರುಚಿಯಾಗುತ್ತದೆ, ಏಕೆಂದರೆ ಕಾಳು ಸಾರನ್ನು ಹೀರಿಕೊಂಡರೂ ಮುದ್ದೆಯಾಗುವುದಿಲ್ಲ. ಬೇಸಿಗೆಯಲ್ಲಿ ರಾತ್ರಿಯ ಅನ್ನಕ್ಕೆ ಮಜ್ಜಿಗೆ, ಹಸಿ ಉಳ್ಳಾಗಡ್ಡಿ ಹಾಕಿ ಬೆಳಿಗ್ಗೆ ಉಂಡರೆ ಮಧ್ಯಾಹ್ನದವರೆಗೆ ಹಸಿವು ತಿರುಗಿ ನೋಡುವುದಿಲ್ಲ. ನುಚ್ಚಿನಿಂದ ಅತ್ತಿಗೆ ಬೆಲ್ಲದ ಹುಗ್ಗಿ ಮಾಡಿದ್ದಳು. ಮಕ್ಕಳು ಗೋಧಿ ಹುಗ್ಗಿಯನ್ನು ಬಿಟ್ಟು ಅದನ್ನೇ ಕೇಳಿದರು.

ಘಟಕದಲ್ಲಿ ಚಿಕ್ಕ ಅಂಗಡಿಯೂ ಇದೆ. ನಾನು ಒಂದೊಂದು ಕೆ.ಜಿ. ನವಣಕ್ಕಿ ಮತ್ತು ಕೊರಲೆ ಅಕ್ಕಿಯನ್ನು ಕೊಂಡೆ. ನವಣಕ್ಕಿ ಉತ್ತಮವಾಗಿತ್ತು, ಕೊರಲೆಯಲ್ಲಿ ನುಚ್ಚು ಹೆಚ್ಚು, ಬೆಲೆಯೂ ಹೆಚ್ಚು, ಅದನ್ನು ಮತ್ತೆ ಕೊಳ್ಳಲಾರೆ.

ತಿದ್ದಿಕೊಳ್ಳಬೇಕಾದ ಸಂಗತಿಗಳಿವೆ, ಅವುಗಳನ್ನು ಅಲ್ಲಿಯೇ ಮುಖತಃ ಹೇಳಿ ಬಂದಿದ್ದೇನೆ. ಎಲ್ಲಕ್ಕಿಂತ ಮುಖ್ಯವಾದದ್ದು ದೂಳು. ಕೋಣೆಗೆ ಎರಡೇ ಕಿಟಕಿಗಳು, ಹೊಟ್ಟಿನ ದೂಳನ್ನು ಹೊರಕ್ಕೆ ಎಳೆಯುವ ಕೊಳವೆ ಇಲ್ಲ. ಯಂತ್ರದ ಬಳಿ ನಿಂತವರು ಮೂಗಿಗೆ ಸೆರಗು ಕಟ್ಟಿಕೊಂಡು ದಿನವಿಡೀ ಕೆಲಸ ಮಾಡುತ್ತಾರೆ, ಅವರಲ್ಲಿ ಒಬ್ಬರಿಗೆ ಕೆಮ್ಮು ಇತ್ತು. ಒನಕೆಯ ದಣಿವಿನಿಂದ ಬಿಡಿಸುವ ಯಂತ್ರ ಪುಪ್ಪುಸಕ್ಕೆ ಇನ್ನೊಂದು ಕಷ್ಟ ತರಬಾರದು. ಮುಂದಿನ ಹಣ ಯಾವ ಮೂಲದಿಂದ ಬಂದರೂ ಹೊಸ ಪೊಟ್ಟಣದ ಯಂತ್ರಕ್ಕಿಂತ ಮೊದಲು ದೂಳು ಹೀರುವ ವ್ಯವಸ್ಥೆಗೆ ಹೋಗಬೇಕೆಂದು ನಾನು ಕಳಕಳಿಯಿಂದ ಕೇಳಿಕೊಂಡೆ. ನೆರವು ಕೊಡುವ ಸಂಸ್ಥೆಗಳೂ ಯಂತ್ರದ ಪಟ್ಟಿಯಲ್ಲಿ ಇದನ್ನು ಕಡ್ಡಾಯವಾಗಿ ಸೇರಿಸಬೇಕು.

ಎರಡನೆಯದು, ಪೊಟ್ಟಣಗಳ ಮೇಲೆ ಅಕ್ಕಿ ಮಾಡಿದ ದಿನಾಂಕವಿಲ್ಲ. ಪಾಲಿಶ್ ಮಾಡದ ಅಕ್ಕಿಯ ತೌಡಿನಲ್ಲಿ ಎಣ್ಣೆಯ ಅಂಶವಿರುತ್ತದೆ, ಹೊಟ್ಟು ತೆಗೆದ ಮೇಲೆ ಅದಕ್ಕೆ ಗಾಳಿ ತಾಗಿ ಎರಡು ಮೂರು ತಿಂಗಳಲ್ಲಿ ಕಮಟು ವಾಸನೆ ಬರುತ್ತದೆ. ನಮ್ಮ ಅಕ್ಕಿಯ ಕೊನೆಯ ಹದಿನೈದು ಕೆ.ಜಿ.ಗೂ ಏಪ್ರಿಲ್ ಕೊನೆಯಲ್ಲಿ ಹಾಗೆಯೇ ಆಯಿತು. ಹೊಟ್ಟಿನೊಂದಿಗಿರುವ ಕಾಳಾದರೆ ವರ್ಷಗಟ್ಟಲೆ ಕೆಡುವುದಿಲ್ಲ, ಬರಗಾಲಕ್ಕೆಂದು ನೆಲದೊಳಗಿನ ಹಗೇವಿನಲ್ಲಿ ಹಿರಿಯರು ಇಡುತ್ತಿದ್ದುದು ಅಂಥ ಕಾಳನ್ನೇ. ಐದೂ ಚೀಲವನ್ನು ಒಂದೇ ಸಲ ಮಾಡಿಸಬೇಡಿ ಎಂದು ಘಟಕದವರು ನಮಗೆ ಹೇಳಬೇಕಾಗಿತ್ತು. ಈ ವಿಷಯವನ್ನು ತಿಳಿಸಿದಾಗ ಗೋಡೆಯ ಮೇಲೆ ಹಾಗೆಂದು ಬರೆಸುವುದಾಗಿ ಒಪ್ಪಿದರು. ಪೊಟ್ಟಣದ ಮೇಲೆ ಸಕ್ಕರೆ ಕಾಯಿಲೆ ವಾಸಿಯಾಗುತ್ತದೆಂಬ ಸಾಲೊಂದು ಇದೆ, ಅದನ್ನು ತೆಗೆಯಲೇಬೇಕು. ಒಳ್ಳೆಯ ಅನ್ನವನ್ನು ಅನ್ನವೆಂದು ಮಾರಿದರೆ ಸಾಕು. ಅದನ್ನು ಔಷಧಿಯೆಂದು ನಂಬಿ ಯಾರಾದರೂ ಗುಳಿಗೆ ಬಿಟ್ಟರೆ ಆಗುವ ಅನಾಹುತ ದೊಡ್ಡದು.

ಮೋಡ ಕವಿದ ದಿನ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಹಳ್ಳಿಯ ಮೂರು ಫೇಸ್ ವಿದ್ಯುತ್ತಿನ ಹೊತ್ತುಗೊತ್ತನ್ನು ನೆಚ್ಚಿಕೊಳ್ಳುವುದಕ್ಕಿಂತ ಬಿಸಿಲೇ ಮೇಲು ಎಂಬುದು ಅವರ ಲೆಕ್ಕ, ಸುಗ್ಗಿಯ ನಂತರದ ತಿಂಗಳುಗಳಲ್ಲಿ ನಮ್ಮಲ್ಲಿ ಬಿಸಿಲಿಗೆ ಬರವೂ ಇಲ್ಲ. ಮಳೆಗಾಲದಲ್ಲಿ ಹೋಗುವವರು ಮಾತ್ರ ಮೊದಲೇ ಕೇಳಿಕೊಂಡು ಹೋಗಬೇಕು.

ಸದಸ್ಯೆಯರ ಕೂಲಿಯ ಬಗ್ಗೆಯೂ ವಿಚಾರಿಸಿದೆ. ಯಂತ್ರ ನಡೆಸಿದ ದಿನ ನಿಗದಿತ ಕೂಲಿ, ಸಾಲದ ಕಂತು ಕಳೆದು ಉಳಿದದ್ದು ವರ್ಷದ ಕೊನೆಯಲ್ಲಿ ಸಮಪಾಲು. ಆದರೆ ಲೆಕ್ಕ ಬರೆಯುವ ಕೆಲಸಕ್ಕೂ, ಸಭೆಗಳಿಗೆ ಧಾರವಾಡಕ್ಕೆ ಹೋಗಿಬರುವ ದಿನಗಳಿಗೂ ಕೂಲಿ ಇಲ್ಲ. ಆ ಹೆಣ್ಣುಮಗಳು ಅದನ್ನು ದೂರಾಗಿ ಹೇಳಲಿಲ್ಲ, ನಾನು ದೂರಾಗಿಯೇ ಬರೆಯುತ್ತಿದ್ದೇನೆ. ತರಬೇತಿಗೆ ಕರೆಯುವವರು, ಅತಿಥಿಗಳನ್ನು ಘಟಕ ತೋರಿಸಲು ಕರೆತರುವವರು ಅವಳ ಅಂದಿನ ಕೂಲಿಯನ್ನು ತಮ್ಮ ಖರ್ಚಿನಲ್ಲಿ ಸೇರಿಸಿಕೊಳ್ಳಬೇಕು.

ನಿಮ್ಮ ಹತ್ತಿರದ ತಾಲ್ಲೂಕಿನಲ್ಲಿ ಇಂಥ ಘಟಕವಿದ್ದು, ನೀವು ಹೋಗುವುದಾದರೆ, ಕಾಳನ್ನು ಎರಡು ದಿನ ಚೆನ್ನಾಗಿ ಬಿಸಿಲಿಗೆ ಹಾಕಿ, ಒಮ್ಮೆ ತೂರಿ ಒಯ್ಯಿರಿ. ಎರಡು ತಿಂಗಳ ಊಟಕ್ಕೆ ಬೇಕಾದಷ್ಟನ್ನೇ ಅಕ್ಕಿ ಮಾಡಿಸಿರಿ. ನಾನು ಹೋದಲ್ಲಿ 40 ಕೆ.ಜಿ.ಗಿಂತ ಕಡಿಮೆಯಿದ್ದರೂ ಬೇರೆಯವರ ಕಾಳಿನೊಂದಿಗೆ ಕೂಡಿಸುವುದಿಲ್ಲ. ತೌಡಿಗೆ ಬೇರೆ ಚೀಲವಿರಲಿ. ನವೆಂಬರ್‌ನಿಂದ ಫೆಬ್ರುವರಿಯವರೆಗೆ ಊರಿನ ರೈತರ ಕೆಲಸ ಇರುತ್ತದೆ, ನಗರದವರು ಮಾರ್ಚ್ ನಂತರ ಹೋಗುವುದು ಒಳ್ಳೆಯದು. ಈ ಸಲ ಅಣ್ಣ ನಾಲ್ಕು ಕೆ.ಜಿ. ಸಾವೆಯ ಜೊತೆಗೆ ಎರಡು ಕೆ.ಜಿ. ಕೆಂಪು ನವಣೆಯ ಬೀಜಕ್ಕೂ ಪುಸ್ತಕದಲ್ಲಿ ಹೆಸರು ಬರೆಸಿ ಬಂದಿದ್ದಾನೆ.